ನಾವು ಟೆನಿಸ್ ಆಡಿಲ್ಲ ಸಾರ್!

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. "ಏನ್ ಮೇಷ್ಟ್ರೇ, ಬರೆಯೋದೇ ಬಿಟ್ಬಿಟ್ರಾ?" ಅಂತ ರಾಯದುರ್ಗದ ಕಡೆಯ ಶಿಕ್ಷಕ ಮಿತ್ರರೊಬ್ಬರು ಫೋನ್ ಮಾಡಿ ಕೇಳಿದರು. ನಾವು ಬಿಟ್ಟಿರಲಿಲ್ಲ, ಕೈ ನಮ್ಮನ್ನು ಬಿಟ್ಟಿತ್ತು. ಬಲಗೈ. ಆ ಕೈಯ ಕಥೆಯನ್ನೇ ಬರೆಯೋಣ ಅಂತ ಇವತ್ತು ಕೂತಿದ್ದೇವೆ. ಬೋರ್ಡಿನ ಮೇಲೆ ಬರೆಯುವವರು, ಶಾಲೆಯಲ್ಲಿ ಅಡುಗೆ ಮಾಡುವವರು, ಹುಣಸೆಹಣ್ಣು ಕುಟ್ಟುವವರು, ಅಡಿಕೆ ಸುಲಿಯುವವರು ಇರುವ ಮನೆಗಳಿಗೆ ಇದರಿಂದ ಏನಾದರೂ ಉಪಯೋಗ ಆದೀತು.

('ನಾವು' ಅಂತ ಬರೆಯುವುದು ದೊಡ್ಡಸ್ತಿಕೆಗಲ್ಲ. ಎರಡು ತರಗತಿ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರಿಗೆ 'ನಾನು' ಅನ್ನೋಕೆ ಪುರುಸೊತ್ತಿರಲ್ಲ, ಅಷ್ಟೇ.)

ಶುರುವಾದದ್ದು 2023ರ ಜೂನ್‌ನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆಗೆದ ಮೇಲೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ನೀರು ತುಂಬಿದ ಚೊಂಬು ಎತ್ತಿದೆವು. ಮೊಣಕೈಯ ಹೊರಮಗ್ಗುಲಲ್ಲಿ ಸೂಜಿ ಚುಚ್ಚಿದ ಹಾಗಾಗಿ ಚೊಂಬು ಕೈ ಜಾರಿ ಬಿತ್ತು. ರಾತ್ರಿ ಮಲಗಿದ್ದು ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡೆವು. ಶಾಲೆಗೆ ಹೋಗಿ ಬೀಗ ತಿರುಗಿಸುವಾಗ ಮತ್ತೆ ಅದೇ ನೋವು. ಬೋರ್ಡು ಒರೆಸುವಾಗ ಅದೇ. ಸಂಜೆ ಗೆಳೆಯರೊಬ್ಬರು ಎದುರಾಗಿ ಕೈ ಕುಲುಕಿದರು ನೋಡಿ, ಕಣ್ಣಲ್ಲಿ ನೀರು ಬಂತು. ಅವರು ಪಾಪ, ನಮಗೆ ಅಷ್ಟು ಪ್ರೀತಿ ಉಕ್ಕಿತು ಅಂದುಕೊಂಡಿರಬೇಕು.

ನಮ್ಮಂಥ ಗಡಿ ಶಾಲೆಯಲ್ಲಿ ಕೈಗೆ ಕೆಲಸ ಜಾಸ್ತಿ. ತೆಲುಗು ಮಾಧ್ಯಮದ ಮಕ್ಕಳಿಗೆ ಅಂಗಡಿಯಲ್ಲಿ ಗೈಡು ಸಿಗುತ್ತದೆ. ನಮ್ಮ ಮಕ್ಕಳಿಗೆ ಸಿರಾದಿಂದ ಕನ್ನಡ ಗೈಡು ತಂದರೆ ಅದು ಕರ್ನಾಟಕದ ಪಾಠ, ನಮ್ಮ ಪಾಠವೇ ಬೇರೆ. ಹಾಗಾಗಿ ನೋಟ್ಸು ಪೂರ್ತಿ ನಾವೇ ಬೋರ್ಡಿನ ಮೇಲೆ ಬರೆಯಬೇಕು, ಮಕ್ಕಳು ಇಳಿಸಿಕೊಳ್ಳಬೇಕು. ಬೋರ್ಡಿನ ಎಡಭಾಗ ಒಂದು ತರಗತಿಗೆ, ಬಲಭಾಗ ಇನ್ನೊಂದಕ್ಕೆ. ಟಿಸಿಎಚ್ ಓದುವಾಗ ನಮ್ಮ ಗುರುಗಳು ಕಪ್ಪುಹಲಗೆ ಬರವಣಿಗೆಗೆ ಬಹಳ ಮಹತ್ವ ಕೊಡುತ್ತಿದ್ದರು. ಅಕ್ಷರ ದುಂಡಗಿರಬೇಕು, ಕೊನೆಯ ಬೆಂಚಿಗೂ ಕಾಣಬೇಕು. ಆ ಅಭ್ಯಾಸ ಬಿಡಲಿಲ್ಲ. ಚಾಕ್‌ಪೀಸನ್ನು ಗಟ್ಟಿಯಾಗಿ ಒತ್ತಿ ಹಿಡಿದು, ತೋಳು ಮೇಲೆತ್ತಿ, ಇಪ್ಪತ್ತು ವರ್ಷದ ಮೇಲೆ ಬರೆದಿದ್ದೇವೆ.

ಮೊದಲು ಮನೆ ಮದ್ದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿದ್ದಾಯಿತು. ಕಟ್ಟಿದಾಗ ಹಿತವಾಗಿರುತ್ತದೆ, ಬಿಚ್ಚಿದರೆ ಇದ್ದ ಹಾಗೇ. ಉಳುಕು ತಿಕ್ಕುವವರೊಬ್ಬರು ಮೂರು ದಿನ ತಿಕ್ಕಿದರು. ನಾಲ್ಕನೇ ದಿನ ನಾವೇ ಹೋಗಲಿಲ್ಲ, ನೋವು ಎರಡರಷ್ಟಾಗಿತ್ತು. "ಪುತ್ತೂರು ಕಟ್ಟು ಹಾಕಿಸಿ ಮೇಷ್ಟ್ರೇ" ಅಂದವರು ಹತ್ತು ಜನ. ರಾಯಲಸೀಮೆಯಲ್ಲಿ ಹುಟ್ಟಿದವರು ಮೂಳೆಗೆ ಏನಾದರೂ ಆದರೆ ಪುತ್ತೂರಿನ ಹೆಸರು ಹೇಳದೆ ಇರುವುದಿಲ್ಲ. ಆದರೆ ನಾವು ಬಿದ್ದಿಲ್ಲ, ಮೂಳೆ ಮುರಿದಿಲ್ಲ, ಊತ ಕೂಡ ಇಲ್ಲ. ಯಾವುದಕ್ಕೆ ಕಟ್ಟು?

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟ್ರು. ನಮ್ಮ ಕೈ ನೀಟವಾಗಿ ಚಾಚಿಸಿ, ಅಂಗೈ ಕೆಳಮುಖ ಮಾಡಿಸಿ, ನಡುಬೆರಳನ್ನು ಮೇಲಕ್ಕೆತ್ತಿ ಅಂತ ಹೇಳಿ, ಅದೇ ಬೆರಳನ್ನು ಕೆಳಕ್ಕೆ ಒತ್ತಿದರು. ನಾವು ಕುರ್ಚಿಯಿಂದ ಎದ್ದೇ ಬಿಟ್ಟೆವು. "ಟೆನ್ನಿಸ್ ಎಲ್ಬೋ ಅಂಡಿ" ಅಂದರು.

"ನಾವು ಟೆನಿಸ್ ಆಡಿಲ್ಲ ಸಾರ್!" ಅಂದೆವು. ಮದ್ದು ಕೊಡುವ ಹುಡುಗಿ ನಕ್ಕುಬಿಟ್ಟಳು.

ಶಾಲೆಯಲ್ಲಿ ಈ ಹೆಸರು ಹೇಳಿದ್ದೇ ತಡ, ಕ್ರಿಕೆಟ್ ಹುಚ್ಚಿನ ಹುಡುಗನೊಬ್ಬ "ಸಚಿನ್‌ಗೆ ಬಂದಿತ್ತು ಸಾರ್, ನಮ್ಮಪ್ಪ ಹೇಳ್ತಿರ್ತಾರೆ" ಅಂದ. ನಿಜ. 2004ರಲ್ಲಿ ಸಚಿನ್ ತೆಂಡೂಲ್ಕರ್ ಎಡ ಮೊಣಕೈಗೆ ಇದೇ ಬಂದಿತ್ತು. ಅದರಿಂದಲೇ ಅವರು ಆ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರು ಟೆಸ್ಟು ಆಡಲಿಲ್ಲ. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಯಿತು. ಆಗ ಮಗನ ಪ್ಲಾಸ್ಟಿಕ್ ಬ್ಯಾಟು ಕೂಡ ಎತ್ತಲು ಆಗುತ್ತಿರಲಿಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಸಚಿನ್ ಕಾಯಿಲೆ ನಮಗೂ ಬಂದಿದೆ ಅಂತ ಒಂದು ವಾರ ಮಕ್ಕಳ ಮುಂದೆ ನಮ್ಮ ಬೆಲೆ ಸ್ವಲ್ಪ ಏರಿತ್ತು.

ಆದರೆ ಇದು ಆಟಗಾರರ ಸೊತ್ತಲ್ಲ. ಇದನ್ನು ಮೊದಲು ವರ್ಣಿಸಿದವರು ರುಂಗೆ ಎಂಬ ಜರ್ಮನ್ ವೈದ್ಯರು, 1873ರಲ್ಲಿ. ಅವರು ಬರೆದದ್ದು ಆಟಗಾರರ ಬಗ್ಗೆ ಅಲ್ಲ, ಬರೆದೂ ಬರೆದೂ ಕೈ ನೋಯುವವರ ಬಗ್ಗೆ! ಲಾನ್ ಟೆನಿಸ್ ಆಟಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೊಟ್ಟದ್ದೇ 1874ರಲ್ಲಿ. ಆಮೇಲೆ 1880ರ ದಶಕದಲ್ಲಿ ಟೆನಿಸ್ ಆಡುವ ದೊಡ್ಡವರಿಗೆ ಈ ನೋವು ಬಂತು, ಕಾಯಿಲೆಗೆ ಅವರ ಆಟದ ಹೆಸರೇ ನಿಂತಿತು. ಬರೆಯುವವರ ಹೆಸರು ಹೋಯಿತು. ನಮ್ಮ ಹೇಮಾವತಿಯ ದೊಡ್ಡೇಶ್ವರನ ಗುಡಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಕರಿಕಲ್ಲಿನ ಕಂಬಗಳಿವೆಯಲ್ಲ, ನೊಳಂಬರ ಕಾಲದ್ದು, ಈ ಊರು ಹೆಂಜೇರು ಅಂತ ಕರೆಸಿಕೊಳ್ಳುತ್ತಿದ್ದಾಗಿನದು. ಅವನ್ನು ಕೆತ್ತಿ ಉಜ್ಜಿದ ಶಿಲ್ಪಿಗಳಲ್ಲಿ ಎಷ್ಟು ಜನಕ್ಕೆ ಮೊಣಕೈ ಹಿಡಿದುಕೊಂಡಿತ್ತೋ!

ಒಳಗೆ ಆಗುವುದೇನು? ನಿಮ್ಮ ಬಲ ಮೊಣಕೈಯ ಹೊರಮಗ್ಗುಲನ್ನು ಎಡಗೈಯಿಂದ ಮುಟ್ಟಿ ನೋಡಿ. ಮೂಳೆಯ ಒಂದು ಗುಬುಟು ಸಿಗುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳೆಲ್ಲ ಅಲ್ಲಿಗೇ ಕಟ್ಟಿಕೊಂಡಿರುತ್ತವೆ. ಹಾಗೆ ಕಟ್ಟುವ ಹುರಿಗೆ ಟೆಂಡನ್ ಅನ್ನುತ್ತಾರೆ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ, ಮಣಿಕಟ್ಟು ಮುಂದಕ್ಕೆ ಬಾಗದಂತೆ ಈ ಸ್ನಾಯುಗಳು ಎಳೆದು ಹಿಡಿಯುತ್ತವೆ. ಚಾಕ್‌ಪೀಸು ಹಿಡಿದರೂ ಅಷ್ಟೇ, ಸೌಟು ಹಿಡಿದರೂ ಅಷ್ಟೇ, ಸುತ್ತಿಗೆ ಹಿಡಿದರೂ ಅಷ್ಟೇ. ವರ್ಷಗಟ್ಟಲೆ ಎಳೆದರೆ, ಇಲ್ಲವೇ ರಜೆ ಮುಗಿದ ಮೇಲೆ ಒಮ್ಮೆಲೇ ಜಾಸ್ತಿ ಎಳೆದರೆ, ಹುರಿಯ ಎಳೆಗಳು ಸವೆದು ಹದ ಕೆಡುತ್ತವೆ. 35ರಿಂದ 55 ವರ್ಷದೊಳಗಿನವರಿಗೆ ಇದು ಹೆಚ್ಚು. ಮೊದಲೆಲ್ಲ ಇದನ್ನು ಉರಿಯೂತ ಅಂತಲೇ ತಿಳಿದಿದ್ದರು. ಅಮೆರಿಕದ ನಿರ್ಷ್ಲ್ ಮತ್ತು ಪೆಟ್ರೋನ್ ಎಂಬ ವೈದ್ಯರು ಆಪರೇಷನ್ನಿನಲ್ಲಿ ತೆಗೆದ ಟೆಂಡನ್ ಚೂರುಗಳನ್ನು ಪರೀಕ್ಷಿಸಿ 1979ರಲ್ಲಿ ಬರೆದರು: ಹಳೆಯ ನೋವಿನಲ್ಲಿ ಉರಿಯೂತದ ಗುರುತಿಗಿಂತ ಹದಗೆಟ್ಟ ಎಳೆಗಳೇ ಕಾಣುತ್ತವೆ ಅಂತ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡಾಕ್ಟ್ರು ಕೊಟ್ಟದ್ದು ಹಚ್ಚಿಕೊಳ್ಳಲು ಒಂದು ಜೆಲ್, ಒಂದಷ್ಟು ವ್ಯಾಯಾಮದ ಚಿತ್ರ ಇದ್ದ ಒಂದು ಹಾಳೆ, ಮತ್ತೆ ಒಂದು ಮಾತು: "ಇದು ತಾನಾಗಿ ಹೋಗುತ್ತೆ ಮೇಷ್ಟ್ರೇ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಹೋಗುತ್ತೆ. ಕೈಗೆ ಕೆಲಸ ಕಮ್ಮಿ ಮಾಡಿ." ಒಂದು ವರ್ಷ! ನಾವು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆವು. ಅದು ಎರಡು ಸಲ ಬಟ್ಟೆಯ ಜೊತೆ ಒಗೆಸಿಕೊಂಡಿತು. ಜೆಲ್ ಹಚ್ಚಿದ ಹೊತ್ತು ಸ್ವಲ್ಪ ತಗ್ಗುತ್ತಿತ್ತು ಅನ್ನುವುದು ನಿಜ. ಆದರೆ ಏಳು ತಿಂಗಳು ಬರೆಯುವುದೂ ನಿಲ್ಲಲಿಲ್ಲ, ನೋವೂ ನಿಲ್ಲಲಿಲ್ಲ.

2024ರ ಸಂಕ್ರಾಂತಿ ರಜೆಯಲ್ಲಿ ಪಟ್ಟಣದ ಮೂಳೆ ಡಾಕ್ಟರೊಬ್ಬರ ಹತ್ತಿರ ಹೋಗಿ ಮೊಣಕೈಗೇ ಒಂದು ಇಂಜೆಕ್ಷನ್ ಹಾಕಿಸಿಕೊಂಡೆವು. ಸ್ಟೆರಾಯ್ಡ್. ಎರಡು ದಿನ ನೋವು ಜಾಸ್ತಿ ಇತ್ತು, ಹತ್ತನೇ ದಿನಕ್ಕೆ ಮಾಯ! ಚೊಂಬಲ್ಲ, ಬಿಂದಿಗೆ ಎತ್ತಿದೆವು. ಮೂಲೆಯಲ್ಲಿ ಬಿದ್ದಿದ್ದ ಬೀರು ಸರಿಸಿದೆವು. ರಜಾದಿನದಲ್ಲಿ ಶಾಲೆಯ ಗಿಡಗಳಿಗೆ ಪಾತಿ ತೆಗೆದೆವು. ಸಿಕ್ಕವರಿಗೆಲ್ಲ "ಒಂದು ಸೂಜಿ, ಅಷ್ಟೇ!" ಅಂತ ಹೇಳಿಕೊಂಡು ತಿರುಗಿದೆವು.

ಇಲ್ಲಿಯವರೆಗಿನದು ನಗುವ ಕಥೆ.

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡುವ ಅಕ್ಕ ಒಬ್ಬರಿದ್ದಾರೆ. ನಲವತ್ತೈದರ ಆಸುಪಾಸು. ಅನ್ನ, ಸಾರು, ಮೊಟ್ಟೆ. 2023ರ ಮಾರ್ಚಿಯಿಂದ ವಾರಕ್ಕೆ ಮೂರು ದಿನ ರಾಗಿ ಜಾವವೂ ಸೇರಿತು. ರಾಗಿ ಹಿಟ್ಟು ಗಂಟಾಗದಂತೆ ತಿರುವುತ್ತಲೇ ಇರಬೇಕಲ್ಲ, ಅವರ ಬಲ ಮೊಣಕೈಯೂ ಹಿಡಿದುಕೊಂಡಿತ್ತು. ನಮ್ಮ ಹಾಗೇ ಅದೇ ಜಾಗ, ಅದೇ ನೋವು. ಸೌಟು ಎಡಗೈಗೆ ಬದಲಾಯಿಸಿಕೊಳ್ಳುವುದನ್ನು ನಾವು ನೋಡಿದ್ದೆವು. ನಾವೇ ಕರೆದು ಹೇಳಿದೆವು: "ಅಕ್ಕಾ, ಸುಮ್ನೆ ಯಾಕೆ ನರಳ್ತೀರ, ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬನ್ನಿ."

ಮೇಷ್ಟ್ರು ಹೇಳಿದ ಮೇಲೆ ಮುಗೀತು. ನಮ್ಮೂರುಗಳಲ್ಲಿ ಇನ್ನೂ ಹಾಗೇ. ಫೆಬ್ರವರಿಯಲ್ಲಿ ಸಂಘದಲ್ಲಿ ಸಾಲ ತೆಗೆದು ಹೋಗಿ ಹಾಕಿಸಿಕೊಂಡು ಬಂದರು. ವಾರದಲ್ಲಿ ನೋವು ಹೋಯಿತು. "ನಿಮ್ಮಿಂದ ಪುಣ್ಯ ಬಂತು ಮೇಷ್ಟ್ರೇ" ಅಂದರು. ಅಷ್ಟರಲ್ಲಿ ಹುಣಸೆ ಸುಗ್ಗಿ ಬಂತು. ಹಿಂದೂಪುರದ ಮಾರುಕಟ್ಟೆಗೆ ಹೋಗುವ ಹುಣಸೆಹಣ್ಣಿಗೆ ಸಿಪ್ಪೆ ಬಿಡಿಸಿ, ಕುಟ್ಟಿ, ಬೀಜ ತೆಗೆದು ಕೊಡುವ ಕೂಲಿ ಈ ಕಡೆಯ ಹೆಂಗಸರಿಗೆ ಬೇಸಿಗೆಯ ದೊಡ್ಡ ಆಧಾರ. ಕೈ ವಾಸಿಯಾಗಿದೆ, ಸಾಲವೂ ತೀರಬೇಕು. ಶಾಲೆ ಮುಗಿಸಿ ಹೋಗಿ ಸಂಜೆಯೆಲ್ಲ ಕುಟ್ಟಿದರು, ರಜೆ ಬಂದ ಮೇಲೆ ಹಗಲೆಲ್ಲ ಕುಟ್ಟಿದರು.

ನಮ್ಮ ಕೈ ಕೈಕೊಟ್ಟದ್ದು ಮೇ 13ಕ್ಕೆ, ಚುನಾವಣೆಯ ದಿನ. ಹಿಂದಿನ ವಾರದಿಂದಲೇ ಸಣ್ಣಗೆ ಅನ್ನುತ್ತಿತ್ತು. ಮತದಾನ ಮುಗಿಸಿ ಯಂತ್ರದ ಪೆಟ್ಟಿಗೆಗಳನ್ನು ಬಸ್ಸಿಗೆ ಎತ್ತಿ ಕೊಡುವಾಗ ಮೊಣಕೈಯಿಂದ ಬೆರಳಿನವರೆಗೆ ಹರಿದ ಹಾಗಾಯಿತು. ಆ ರಾತ್ರಿಯ ನೋವು ಮೊದಲನೇ ವರ್ಷ ಒಂದು ದಿನವೂ ಬಂದಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ. ಅಕ್ಕ ಅನ್ನದ ತಪ್ಪಲೆ ಬಗ್ಗಿಸಿ ಗಂಜಿ ಬಸಿಯುತ್ತಿದ್ದರು. ಬಲಗೈ ಬಿಟ್ಟುಹೋಯಿತು. ಪುಣ್ಯಕ್ಕೆ ಮಕ್ಕಳು ಯಾರೂ ಹತ್ತಿರ ಇರಲಿಲ್ಲ. ಕುದಿಯುವ ಗಂಜಿ ಅವರ ಎಡಗಾಲಿನ ಪಾದದ ಮೇಲೆ ಬಿತ್ತು. ನಾವು ಓಡಿ ಹೋಗಿ ತಣ್ಣೀರು ಸುರಿದೆವು. ಬೊಬ್ಬೆ ಎದ್ದಿದ್ದ ಕಾಲನ್ನು ನೋಡಿಕೊಳ್ಳದೆ ಅವರು ಕೇಳಿದ್ದು ಒಂದೇ: "ಅನ್ನ ಚೆಲ್ಲಿತಾ ಮೇಷ್ಟ್ರೇ?" ಆಮೇಲೆ ಮೆಲ್ಲಗೆ, "ಈ ಕೈ ಹಿಂಗೇ ಆದ್ರೆ ನನ್ನ ತೆಗೆದು ಬೇರೆಯೋರ್ನ ಹಾಕ್ತಾರೆ ಅಲ್ವಾ?"

ಅವರನ್ನು ಸೂಜಿಗೆ ಕಳಿಸಿದವರು ನಾವು. ಆ ರಾತ್ರಿ ನಿದ್ದೆ ಬರಲಿಲ್ಲ, ಕೈ ನೋವಿಗಲ್ಲ.

ಮುಂದಿನ ಭಾನುವಾರ ಗಡಿ ದಾಟಿ ಕರ್ನಾಟಕದ ಕಡೆಯ ಪಟ್ಟಣದಲ್ಲಿರುವ ಒಬ್ಬ ಫಿಸಿಯೋಥೆರಪಿ ಹೆಣ್ಣುಮಗಳ ಹತ್ತಿರ ಹೋದೆವು. ಕನ್ನಡ ಶಾಲೆಯಲ್ಲೇ ಓದಿದವಳು. ನಮ್ಮ ಕಥೆಯೆಲ್ಲ ಕೇಳಿ, "ಸಾರ್, ಇದು ನಿಮ್ಮೊಬ್ಬರಿಗೆ ಆಗಿರೋದಲ್ಲ, ಲೆಕ್ಕ ಮಾಡಿ ನೋಡಿರೋ ವಿಷಯ" ಅಂತ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಮನೆಗೆ ಬಂದು ಹುಡುಕಿ ಓದಿದೆವು. ನೆದರ್‌ಲ್ಯಾಂಡ್ಸಿನಲ್ಲಿ 185 ರೋಗಿಗಳನ್ನು ಮೂರು ಗುಂಪು ಮಾಡಿದ್ದರು, 2002ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಒಂದಕ್ಕೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಬರೀ ಬುದ್ಧಿಮಾತು ಹೇಳಿ ಕಾಯಿಸಿದ್ದು. ಆರು ವಾರಕ್ಕೆ ನೋಡಿದರೆ ಇಂಜೆಕ್ಷನ್ ಗುಂಪಿನಲ್ಲಿ ನೂರಕ್ಕೆ 92 ಮಂದಿ ಗುಣ, ಫಿಸಿಯೋದಲ್ಲಿ 47, ಕಾಯ್ದವರಲ್ಲಿ 32. ನಾವು ಊರೆಲ್ಲ ಸಾರಿದ್ದು ಈ ಆರು ವಾರದ ಸಂಭ್ರಮವನ್ನೇ! ಆದರೆ ವರ್ಷ ತುಂಬಿದಾಗ ನೋಡಿ: ಇಂಜೆಕ್ಷನ್ನಿನವರು 69ಕ್ಕೆ ಇಳಿದಿದ್ದರು. ಫಿಸಿಯೋದವರು 91. ಸುಮ್ಮನೆ ಕಾಯ್ದವರೂ 83. 2006ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 198 ಜನರ ಮೇಲೆ ಮಾಡಿದ್ದರಲ್ಲೂ ಇಂಥದ್ದೇ ಫಲ; ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 72 ಮಂದಿಗೆ ನೋವು ಮರಳಿತ್ತು.

ಯಾಕೆ ಹೀಗೆ? ಉರಿಯೂತ ಆರಿಸುವ ಔಷಧ ನೋವನ್ನು ಮುಚ್ಚುತ್ತದೆ, ಹದಗೆಟ್ಟ ಎಳೆಯನ್ನು ಕಟ್ಟುವುದಿಲ್ಲ. ನೋವಿಲ್ಲ ಅಂತ ನಾವು ಬೀರು ಸರಿಸುತ್ತೇವೆ, ಅಕ್ಕ ಹುಣಸೆಹಣ್ಣು ಕುಟ್ಟುತ್ತಾರೆ. ಇಷ್ಟೇ ಕಾರಣ ಅಂತ ನಾವು ಹೇಳುವುದಿಲ್ಲ, ಆದರೆ ನಮ್ಮಿಬ್ಬರ ವಿಷಯದಲ್ಲಿ ಇದು ಸಾಕಷ್ಟಾಯಿತು. ಇನ್ನೊಂದು ಬಗೆಯ ಇಂಜೆಕ್ಷನ್ ಇದೆ, ನಮ್ಮದೇ ರಕ್ತ ತೆಗೆದು ಬೇರ್ಪಡಿಸಿ ಅಲ್ಲಿಗೇ ಚುಚ್ಚುವುದು. ಹಣ ಬಹಳ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಹಾಕಿ 2021ರಲ್ಲಿ ಕಾಕ್ರೇನ್ ಸಂಸ್ಥೆಯವರು ನೋಡಿದಾಗ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆಘಾತ ತರಂಗದ ಯಂತ್ರ, ಅಲ್ಟ್ರಾಸೌಂಡ್ ಯಂತ್ರ ಇವುಗಳಲ್ಲಿ ಚುಚ್ಚುವುದು ಕೊಯ್ಯುವುದು ಇಲ್ಲ, ಆದರೆ ಫಲವೂ ಒಂದೇ ಸಮ ಇಲ್ಲ. ಕೆಲವು ಅಧ್ಯಯನ ಹೌದು ಅನ್ನುತ್ತವೆ, ಕೆಲವು ಇಲ್ಲ ಅನ್ನುತ್ತವೆ. ಆ ಹೆಣ್ಣುಮಗಳ ಕೋಣೆಯಲ್ಲೂ ಒಂದು ಯಂತ್ರ ಇತ್ತು. "ಬೇಕಾದ್ರೆ ಇಡ್ತೀನಿ ಸಾರ್, ಆದ್ರೆ ದುಡ್ಡು ಉಳಿಸ್ಕೊಳ್ಳಿ. ನಿಮಗೆ ಬೇಕಿರೋದು ನೀರಿನ ಬಾಟ್ಲಿ" ಅಂದಳು. ಅಂಥವರು ಇನ್ನೂ ಇದ್ದಾರೆ.

ಹೌದು, ನೀರಿನ ಬಾಟ್ಲಿ. ಅದನ್ನು ವಿವರವಾಗಿ ಹೇಳುತ್ತೇವೆ, ಯಾಕೆಂದರೆ ಆ ಒಗೆದುಹೋದ ಹಾಳೆಯಲ್ಲಿ ಇದ್ದದ್ದೂ ಇದೇ.

ನೋವು ಜೋರಾಗಿದ್ದ ಮೊದಲ ಎರಡು ವಾರ ಭಾರ ಇಲ್ಲ. ಮುಂಗೈಯನ್ನು ಮೇಜಿನ ಮೇಲೆ ಇಟ್ಟು, ಅಂಗೈ ಕೆಳಮುಖ ಮಾಡಿ, ಹಸ್ತ ಮಾತ್ರ ಅಂಚಿನಾಚೆ ಇರಬೇಕು. ಎಡಗೈಯನ್ನು ಬಲಗೈ ಹಸ್ತದ ಮೇಲಿಟ್ಟು ಕೆಳಕ್ಕೆ ಒತ್ತುವುದು, ಬಲಗೈ ಅಲ್ಲಾಡದೆ ತಡೆದು ನಿಲ್ಲುವುದು. ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ. ಬಿಡುವು ಕೊಟ್ಟು ನಾಲ್ಕೈದು ಸಲ. ಅಷ್ಟೇ.

ಆಮೇಲೆ ಅರ್ಧ ಲೀಟರ್ ಬಾಟ್ಲಿಗೆ ನೀರು ತುಂಬಿ ಬಲಗೈಯಲ್ಲಿ ಹಿಡಿಯುವುದು. ಮೇಲಕ್ಕೆ ಎತ್ತುವಾಗ ಎಡಗೈ ಸಹಾಯ ಮಾಡಬೇಕು. ಕೆಳಗೆ ಇಳಿಸುವಾಗ ಬಲಗೈ ಒಂದೇ, ನಿಧಾನವಾಗಿ, ಒಂದು... ಎರಡು... ಮೂರು... ನಾಲ್ಕು ಅಂತ ಎಣಿಸುತ್ತ. ಗುಟ್ಟೆಲ್ಲ ಈ ಇಳಿಸುವುದರಲ್ಲೇ ಇದೆ ಅಂದಳು. ಭಾರ ಹೊತ್ತು ನಿಧಾನ ಉದ್ದವಾಗುವಾಗ ಟೆಂಡನ್ನಿಗೆ ಬೇಕಾದ ಹದವಾದ ಒತ್ತಡ ಸಿಗುತ್ತದೆ, ಅದಕ್ಕೆ ತಕ್ಕಂತೆ ಅದು ಮತ್ತೆ ಗಟ್ಟಿಯಾಗುತ್ತದೆ. ಹದಿನೈದು ಸಲ, ಬಿಡುವು, ಹೀಗೆ ಮೂರು ಸುತ್ತು, ದಿನಕ್ಕೊಮ್ಮೆ. ಮಾಡುವಾಗ ಸ್ವಲ್ಪ ನೋಯುತ್ತದೆ. ಹತ್ತಕ್ಕೆ ಮೂರ್ನಾಲ್ಕು ಅಂಕದಷ್ಟು ನೋವು ಸೈ. ಮಾರನೇ ಬೆಳಿಗ್ಗೆಗೂ ಉಳಿದಿದ್ದರೆ ಭಾರ ಜಾಸ್ತಿಯಾಯಿತು ಅಂತ ಅರ್ಥ. ಸುಲಭವಾದ ಮೇಲೆ ಒಂದು ಲೀಟರ್ ಬಾಟ್ಲಿ. ಸುತ್ತಿಗೆಯ ಹಿಡಿಯ ತುದಿ ಹಿಡಿದು ನಿಧಾನವಾಗಿ ಆಚೆ ಈಚೆ ಹೊರಳಿಸುವುದು ಇನ್ನೊಂದು. ಅಮೆರಿಕದಲ್ಲಿ 2010ರಲ್ಲಿ ರಬ್ಬರ್ ಕೋಲೊಂದನ್ನು ತಿರುಚಿ ನಿಧಾನ ಬಿಡುವ ವ್ಯಾಯಾಮದಿಂದ ಒಳ್ಳೆ ಗುಣ ಸಿಕ್ಕಿತು ಅಂತ ಬರೆದಿದ್ದಾರೆ. ಅಧ್ಯಯನ ಚಿಕ್ಕದು, 21 ಜನರದು. ನಾವು ಆ ಕೋಲಿನ ಬದಲು ಟವೆಲ್ ಸುತ್ತಿ ಹಿಂಡಿದೆವು.

ಕಷ್ಟ ವ್ಯಾಯಾಮದ್ದಲ್ಲ, ಕಾಯುವುದರದ್ದು. ಮೊದಲ ತಿಂಗಳು ಏನೇನೂ ಗೊತ್ತಾಗಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತು, ನಮ್ಮ ಮನೆಯವರು ಬಾಟ್ಲಿಯನ್ನು ಕಾಫಿ ಲೋಟದ ಪಕ್ಕ ತಂದಿಟ್ಟು ನಿಲ್ಲುತ್ತಿದ್ದರು. ಏಳನೇ ವಾರವೋ ಎಂಟನೇ ವಾರವೋ, ಒಂದು ದಿನ ಬೀಗ ತೆಗೆದು ಒಳಗೆ ಹೋದ ಮೇಲೆ ನೆನಪಾಯಿತು: ಅರೆ, ನೋಯಲಿಲ್ಲವಲ್ಲ! ಪೂರ್ತಿ ನೆಟ್ಟಗಾಗಲು ಮುಂದಿನ ಸಂಕ್ರಾಂತಿ ಬರಬೇಕಾಯಿತು.

ಮೊಣಕೈ ಬೆಲ್ಟಿನ ವಿಷಯದಲ್ಲಿ ನಾವು ದಡ್ಡರಾದದ್ದನ್ನೂ ಹೇಳಿಬಿಡುತ್ತೇವೆ. ಮೆಡಿಕಲ್ ಶಾಪಿನಿಂದ ತಂದು ನೋಯುವ ಗುಬುಟಿನ ಮೇಲೆಯೇ ಬಿಗಿದು ಕಟ್ಟಿ, ರಾತ್ರಿ ಹಾಗೇ ಮಲಗುತ್ತಿದ್ದೆವು. ಬೆರಳು ಜೋಮು ಹಿಡಿಯುತ್ತಿತ್ತು. ಅದನ್ನು ಕಟ್ಟಬೇಕಾದದ್ದು ಮೂಳೆಗಿಂತ ಎರಡು ಬೆರಳು ಕೆಳಗೆ, ಮುಂಗೈಯ ಸ್ನಾಯುವಿನ ಮೇಲೆ. ಕೆಲಸ ಮಾಡುವಾಗ ಮಾತ್ರ. ಆಗ ಎಳೆತದ ಸ್ವಲ್ಪ ಪಾಲನ್ನು ಪಟ್ಟಿ ಹೊರುತ್ತದೆ. ಅದು ವಾಸಿ ಮಾಡುವುದಿಲ್ಲ, ಆ ಹೊತ್ತಿನ ಕೆಲಸ ಸಾಗಿಸುತ್ತದೆ.

ಬೋರ್ಡಿನ ಮೇಲೆ ಬರೆಯುವುದನ್ನೂ ಬದಲಾಯಿಸಿದೆವು. ಭುಜಕ್ಕಿಂತ ಮೇಲೆ ಬರೆಯುವುದಿಲ್ಲ. ಚಾಕ್‌ಪೀಸಿಗೆ ಹೊದಿಕೆ ಸುತ್ತಿ ದಪ್ಪ ಮಾಡಿಕೊಂಡೆವು. ಹಿಡಿ ದಪ್ಪವಾದಷ್ಟೂ ಬಿಗಿಯಾಗಿ ಒತ್ತಬೇಕಾಗಿಲ್ಲ. ಮೇಲಿನ ಸಾಲುಗಳನ್ನು ದೊಡ್ಡ ತರಗತಿಯ ಮಕ್ಕಳು ಸರದಿಯಲ್ಲಿ ಸ್ಟೂಲು ಹತ್ತಿ ಬರೆಯುತ್ತಾರೆ. ಮಕ್ಕಳ ಅಕ್ಷರ ಸುಧಾರಿಸಿತು. ನಮ್ಮ ದುಂಡಕ್ಷರದ ಜಂಬ ಸ್ವಲ್ಪ ಇಳಿಯಿತು.

ಒಂದು ಎಚ್ಚರ. ಎಲ್ಲ ಮೊಣಕೈ ನೋವೂ ಇದಲ್ಲ. ಬಿದ್ದು ಪೆಟ್ಟಾಗಿದ್ದರೆ, ಊದಿಕೊಂಡು ಬಿಸಿಯಾಗಿ ಜ್ವರ ಬಂದಿದ್ದರೆ, ಕೈ ಮಡಚಲು ಚಾಚಲು ಆಗದೆ ಸಿಕ್ಕಿಕೊಂಡರೆ, ಕತ್ತಿನಿಂದ ನೋವು ಇಳಿದು ಬೆರಳು ಜೋಮು ಹಿಡಿಯುತ್ತಿದ್ದರೆ ಬಾಟ್ಲಿ ಹಿಡಿದು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಆರೆಂಟು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಬಗ್ಗದವರು ಕೆಲವರು ಇರುತ್ತಾರೆ, ಅವರೂ ಮತ್ತೆ ತೋರಿಸಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು.

ಈಗ ಅಕ್ಕನ ವಿಷಯಕ್ಕೆ ಬರೋಣ. ಕಾಲಿನ ಬೊಬ್ಬೆ ಆರಿದ ಮೇಲೆ ನಾವೇ ಕೂರಿಸಿಕೊಂಡು ಎಲ್ಲ ಹೇಳಿದೆವು. ತಪ್ಪು ನಮ್ಮದು ಅಂತಲೂ ಹೇಳಿದೆವು. "ನೀವೇನು ಬೇಕು ಅಂತ ಮಾಡಿದ್ರಾ ಬಿಡಿ" ಅಂದರು. ಆದರೆ ಬಾಟ್ಲಿ ತೋರಿಸಿದಾಗ ನಕ್ಕರು. "ದಿನಾ ಎತ್ತೋದು ಸಾಲ್ದು ಅಂತ ಇದನ್ನೂ ಎತ್ಬೇಕಾ ಮೇಷ್ಟ್ರೇ?"

ಆ ಪ್ರಶ್ನೆಗೆ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಕಾಯ್ದವರಲ್ಲಿ 83 ಮಂದಿ ಗುಣ ಅಂತ ಪುಸ್ತಕ ಹೇಳುತ್ತದೆ. ಕಾಯಲು ಆಗುವವರ ಲೆಕ್ಕ ಅದು. ನಮಗೆ ರಜೆ ಇದೆ, ಸಂಬಳ ಇದೆ, ಸರ್ಕಾರಿ ನೌಕರರ ಹೆಲ್ತ್ ಕಾರ್ಡಿದೆ. ಅವರು ಒಂದು ದಿನ ಬರದಿದ್ದರೆ ಮಕ್ಕಳಿಗೆ ಅನ್ನ ಇಲ್ಲ, ಅವರಿಗೂ ಇಲ್ಲ. ಹಾಗಾಗಿ ಕೈಗೆ ವಿಶ್ರಾಂತಿ ಕೊಡಿ ಅನ್ನುವ ಮಾತು ಬಿಟ್ಟು, ಅಡುಗೆ ಕೋಣೆಯನ್ನೇ ನೋಡಿದೆವು. ಗಂಜಿ ಬಸಿಯುವುದು ನಿಂತಿತು. ನೀರು ಅಳೆದು ಹಾಕಿ ಇಂಗಿಸುವುದಕ್ಕೆ ಬದಲಾಯಿಸಿದರು. ತಪ್ಪಲೆ ಇಳಿಸುವಾಗ ಕಡ್ಡಾಯವಾಗಿ ಇಬ್ಬರು, ಅಕ್ಕ ಮತ್ತು ಸಹಾಯಕಿ, ಇಲ್ಲವೇ ಅಕ್ಕ ಮತ್ತು ನಾವು. ಸೌಟಿನ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದೆವು. ಏನು ಎತ್ತಿದರೂ ಅಂಗೈ ಮೇಲ್ಮುಖ ಇರಲಿ, ಕೈ ಚಾಚದೆ ಮೈಗೆ ಹತ್ತಿರ ಇರಲಿ ಅನ್ನುವುದನ್ನು ಅಭ್ಯಾಸ ಮಾಡಿದರು. ಅಂಗೈ ಮೇಲ್ಮುಖ ಇದ್ದರೆ ಭಾರ ತೋಳಿನ ಸ್ನಾಯುವಿಗೆ ಹೋಗುತ್ತದೆ, ನೋಯುವ ಕಡೆಗೆ ಬೀಳುವುದಿಲ್ಲ. ನೀವೂ ಒಂದು ಕುರ್ಚಿ ಎತ್ತಿ ನೋಡಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಜಾವ ತಿರುವುವುದು ಎಡಗೈ ಬಲಗೈ ಬದಲಿಸಿ ಬದಲಿಸಿ.

ಬಾಟ್ಲಿಯೂ ಬಂತು. ಅಡುಗೆ ಕೋಣೆಯ ಮೊಳೆಗೆ ದಾರ ಕಟ್ಟಿ ನೇತು ಹಾಕಿದ್ದಾರೆ. ಮಕ್ಕಳು ಊಟ ಮಾಡಿ ಎದ್ದ ಮೇಲೆ ಕಟ್ಟೆಯ ಮೇಲೆ ಕೈಯಿಟ್ಟು ಹದಿನೈದು, ಹದಿನೈದು, ಹದಿನೈದು. ಒಂದನೇ ತರಗತಿಯ ಪುಟಾಣಿಗಳು ಸುತ್ತ ನಿಂತು ಜೋರಾಗಿ ಎಣಿಸುತ್ತಾರೆ, ಅವರಿಗೂ ಲೆಕ್ಕ ಬಂತು.

ಅವರಿಗೆ ನಮ್ಮಷ್ಟು ಬೇಗ ಬಗ್ಗಲಿಲ್ಲ. 2025ರ ಹುಣಸೆ ಸುಗ್ಗಿಯಲ್ಲಿ ಕುಟ್ಟುವುದು ಬಿಟ್ಟು ಸಿಪ್ಪೆ ಬಿಡಿಸುವ ಕೆಲಸಕ್ಕೆ ಮಾತ್ರ ಹೋದರು, ಕೂಲಿ ಕಡಿಮೆ. ಜಾಸ್ತಿ ಕೆಲಸ ಬಿದ್ದ ದಿನ ಈಗಲೂ ಮೊಣಕೈ ಸಣ್ಣಗೆ ಅನ್ನುತ್ತದಂತೆ. ಆದರೆ ತಪ್ಪಲೆ ಕೈ ಬಿಟ್ಟಿಲ್ಲ, ಕೆಲಸವೂ ಅವರದ್ದೇ ಇದೆ.

ಬಾಟ್ಲಿ ಎತ್ತಿದ ದಿನವೆಲ್ಲ ಗೋಡೆಯ ಮೇಲೆ ಒಂದು ಗೀಟು ಎಳೆಯುವುದು ಅವರ ಪದ್ಧತಿ. ನಮ್ಮ ಚಾಕ್‌ಪೀಸಿನಲ್ಲೇ. ಐದಕ್ಕೊಂದು ಅಡ್ಡಗೀಟು, ಸಾಲು ಸಾಲು, ಬಾಗಿಲ ಪಟ್ಟಿಯವರೆಗೂ ಬಂದಿದೆ. ಮೊನ್ನೆ ನಾವು ಅದನ್ನು ನೋಡುತ್ತ ನಿಂತಿದ್ದಾಗ ಅಕ್ಕ ಸಾರಿನ ಸೌಟು ಕೆಳಗಿಟ್ಟು ಕೇಳಿದರು:

"ನಿಮ್ದು ಎಷ್ಟು ಗೀಟಾಯ್ತು ಮೇಷ್ಟ್ರೇ?"

ನೋವು ಹೋದ ಮೇಲೆ ನಾವು ಬಾಟ್ಲಿ ಮುಟ್ಟಿ ಎರಡು ತಿಂಗಳಾಗಿತ್ತು. ಅವರು ಏನೂ ಅನ್ನಲಿಲ್ಲ. ಮೊಳೆಯಿಂದ ಬಾಟ್ಲಿ ಬಿಚ್ಚಿ ನಮ್ಮ ಕೈಗೆ ಕೊಟ್ಟರು.